ಲಕ್ಕಮ್ಮ ತಾಯಿ ಹಿಂದಿರುಗಿಸಿದ ಅಕ್ಕಿ: ಕಾಯಕದ ಹೆಸರಿನಲ್ಲಿ ನಡೆಯುತ್ತಿರುವುದೇನು?



ಹನ್ನೆರಡನೆಯ ಶತಮಾನದ ಶರಣರು ಲೋಕಕ್ಕೆ ನೀಡಿದ ಪದಗಳಲ್ಲಿ ಇಂದು ಅತಿ ಹೆಚ್ಚು ಬಳಕೆಯಲ್ಲಿರುವುದು ‘ಕಾಯಕ’. ಅತಿ ಹೆಚ್ಚು ದುರ್ಬಳಕೆಗೆ ಒಳಗಾಗಿರುವುದೂ ಅದೇ ಪದವೆಂದು ವಿಷಾದದಿಂದ ಹೇಳಬೇಕಾಗಿದೆ. ಕಾಯಕವನ್ನು ಕೈಲಾಸಕ್ಕೆ ಸಮವೆಂದು ಸಾರುವ ಎರಡು ಪದಗಳ ಮಾತು ಸರ್ಕಾರಿ ಕಚೇರಿಯ ಗೋಡೆಯಲ್ಲಿದೆ, ಕಾರ್ಖಾನೆಯ ಹೆಬ್ಬಾಗಿಲಿನಲ್ಲಿದೆ, ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆಯೂ ಇದೆ. ಆದರೆ ಈ ಮಾತನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ? ದುಡಿಸಿಕೊಳ್ಳುವವರು ದುಡಿಯುವವರಿಗೆ ಹೇಳುತ್ತಿದ್ದಾರೆ. ಶರಣರು ಮೊದಲು ತಮಗೆ ತಾವೇ ಹೇಳಿಕೊಂಡ ಮಾತನ್ನು ನಾವು ಇತರರನ್ನು ದುಡಿಸುವ ಚಾವಟಿಯನ್ನಾಗಿ ಮಾಡಿಕೊಂಡಿದ್ದೇವೆ. ಈ ಲೇಖನದ ತಕರಾರು ಇಷ್ಟೇ.

2023ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಹಿರಿಯ ಉದ್ಯಮಿ ಎನ್. ಆರ್. ನಾರಾಯಣಮೂರ್ತಿಯವರು ದೇಶದ ಪ್ರಗತಿಗಾಗಿ ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2025ರ ಜನವರಿಯಲ್ಲಿ ಮತ್ತೊಂದು ದೊಡ್ಡ ಸಂಸ್ಥೆಯ ಮುಖ್ಯಸ್ಥರು ಅದನ್ನು 90 ಗಂಟೆಗೆ ಏರಿಸಿ, ಭಾನುವಾರವೂ ದುಡಿಸಲಾಗದ್ದಕ್ಕೆ ಪರಿತಪಿಸಿದರು. ಈ ಮಾತುಗಳು ಬಂದಾಗ ನಮ್ಮವರೇ ಅನೇಕರು ತಲೆದೂಗಿದರು. ‘ಬಸವಣ್ಣನವರು ಹೇಳಿದ್ದೂ ಇದನ್ನೇ ಅಲ್ಲವೇ’ ಎಂದರು. ಅಲ್ಲ, ಖಂಡಿತ ಅಲ್ಲ.

ಲೆಕ್ಕ ಹಾಕಿ ನೋಡೋಣ. ಆರು ದಿನಗಳಲ್ಲಿ 70 ಗಂಟೆ ಎಂದರೆ ದಿನಕ್ಕೆ ಹನ್ನೆರಡು ಗಂಟೆಗೆ ಕೊಂಚ ಕಡಿಮೆ. ಬೆಂಗಳೂರಿನಂತಹ ನಗರದಲ್ಲಿ ಹೋಗಿಬರಲು ಎರಡು ಗಂಟೆ, ನಿದ್ರೆಗೆ ಏಳು ಗಂಟೆ. ಉಳಿಯುವುದು ಮೂರು ಗಂಟೆಯಷ್ಟು. ಸ್ನಾನ, ಊಟ, ಮಕ್ಕಳ ಪಾಠ, ವೃದ್ಧ ತಂದೆತಾಯಿಗಳ ಆರೈಕೆ, ಇಷ್ಟಲಿಂಗಪೂಜೆ, ಬಂಧುಬಳಗ ಎಲ್ಲವೂ ಆ ಮೂರು ಗಂಟೆಯಲ್ಲಿ ನಡೆಯಬೇಕು. ನಡೆಯುವುದು ಹೇಗೆ? ಆ ಮನೆಯ ಹೆಣ್ಣುಮಗಳು ತನ್ನ ಬದುಕನ್ನು ಸುಟ್ಟುಕೊಂಡು ನಡೆಸುತ್ತಾಳೆ. ಅವಳ ದುಡಿಮೆ ಯಾವ ಉದ್ಯಮಿಯ ಗಂಟೆಯ ಲೆಕ್ಕಕ್ಕೂ ಬರುವುದಿಲ್ಲ. ಅಂಗೈಯಲ್ಲಿ ಲಿಂಗವನ್ನು ಹಿಡಿದು ಕುಳಿತುಕೊಳ್ಳಲು ಅರ್ಧ ಗಂಟೆಯನ್ನೂ ಉಳಿಸದ ದುಡಿಮೆಯನ್ನು ಕಾಯಕವೆಂದು ಕರೆಯುವುದು ಶರಣರಿಗೆ ಮಾಡುವ ಅಪಚಾರ.

ಶರಣರ ಕಾಯಕಕ್ಕೆ ಮಿತಿಯೊಂದಿತ್ತು. ಆ ಮಿತಿಯನ್ನು ತೋರಿಸಿಕೊಟ್ಟವರು ಆಯ್ದಕ್ಕಿ ಲಕ್ಕಮ್ಮ ತಾಯಿ. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯ ಲಕ್ಕಮ್ಮ ದಂಪತಿಗಳು, ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮ ದಾಸೋಹ ನಡೆಸುತ್ತಿದ್ದರೆಂಬುದು ಎಲ್ಲರಿಗೂ ತಿಳಿದ ಸಂಗತಿ. ಅನುಭವಗೋಷ್ಠಿಯಲ್ಲಿ ಮೈಮರೆತ ಮಾರಯ್ಯನವರಿಗೆ ಕಾಯಕ ನಿಂತುಹೋಗಿರುವುದನ್ನು ನೆನಪಿಸಿ ಕಳುಹಿಸಿದವರು ಲಕ್ಕಮ್ಮ. ಮತ್ತೊಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅಂದಿಗೆ ಬೇಕಾದಷ್ಟಕ್ಕಿಂತ ಮಿಗಿಲಾದದ್ದು ತಮ್ಮದಲ್ಲವೆಂದು ನಿಷ್ಠುರವಾಗಿ ನುಡಿದು, ಅದನ್ನು ತಂದಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿಸಿದವರೂ ಅದೇ ಲಕ್ಕಮ್ಮ.

ಈ ಎರಡು ಪ್ರಸಂಗಗಳನ್ನು ಒಟ್ಟಿಗೆ ಓದಬೇಕು. ನಮ್ಮ ಉಪನ್ಯಾಸಕರು, ರಾಜಕಾರಣಿಗಳು ಮೊದಲನೆಯದನ್ನು ಮಾತ್ರ ಹೇಳುತ್ತಾರೆ. ಸೋಮಾರಿತನ ಸಲ್ಲದು ಎಂಬುದು ಅರ್ಧ ಪಾಠ. ಅಗತ್ಯವನ್ನು ಮೀರಿದ ಗಳಿಕೆಯೂ ಸಲ್ಲದು ಎಂಬುದು ಉಳಿದರ್ಧ. ಮೊದಲರ್ಧವನ್ನು ಕೂಲಿಕಾರನಿಗೆ ಬೋಧಿಸಿ, ಎರಡನೆಯ ಅರ್ಧವನ್ನು ಧಣಿಯ ಮುಂದೆ ನುಂಗಿಕೊಳ್ಳುವುದು ಯಾವ ಸೀಮೆಯ ವಚನ ವ್ಯಾಖ್ಯಾನ?

‘ನುಲಿಯ ಚಂದಯ್ಯನವರು ಲಿಂಗಕ್ಕಿಂತಲೂ ಕಾಯಕವನ್ನೇ ಮಿಗಿಲೆಂದು ಬಗೆದವರಲ್ಲವೇ, ಅವರೇನು ಗಂಟೆ ನೋಡಿಕೊಂಡು ಹಗ್ಗ ಹೊಸೆದರೇ?’ ಎಂದು ಕೆಲವರು ಆಕ್ಷೇಪಿಸಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಚಂದಯ್ಯನವರ ಹುಲ್ಲು ಅವರೇ ಕೊಯ್ದದ್ದು, ಹಗ್ಗ ಅವರೇ ಹೊಸೆದದ್ದು, ಅದರಿಂದ ಬಂದ ಫಲವನ್ನು ದಾಸೋಹಕ್ಕೆ ಸಲ್ಲಿಸಿದವರೂ ಅವರೇ. ಅವರ ಬೆವರನ್ನು ಮತ್ತೊಬ್ಬರು ತಮ್ಮ ಖಜಾನೆಗೆ ತುಂಬಿಕೊಳ್ಳಲಿಲ್ಲ. ತನ್ನ ಇಚ್ಛೆಯಿಂದ ತನ್ನ ಕೆಲಸದಲ್ಲಿ ಮುಳುಗುವುದು ಬೇರೆ, ಕೆಲಸ ಹೋದೀತೆಂಬ ಭಯದಿಂದ ರಾತ್ರಿ ಹತ್ತರವರೆಗೆ ಗಣಕಯಂತ್ರದ ಮುಂದೆ ಕೂರುವುದು ಬೇರೆ. ಮೊದಲನೆಯದು ಕಾಯಕ. ಎರಡನೆಯದಕ್ಕೆ ಬಸವಾದಿ ಶರಣರ ಹೆಸರನ್ನು ಅಂಟಿಸಬೇಡಿ.

ಇನ್ನು ರಾಜಕಾರಣದ ಮಾತು. 1948ರ ಕಾರ್ಖಾನೆ ಕಾಯಿದೆಯು ವಾರಕ್ಕೆ 48 ಗಂಟೆ, ದಿನಕ್ಕೆ 9 ಗಂಟೆಯ ಮಿತಿಯನ್ನು ಹಾಕಿತ್ತು. 2023ರ ಫೆಬ್ರವರಿಯಲ್ಲಿ ನಮ್ಮ ವಿಧಾನಮಂಡಲವು ಅದಕ್ಕೆ ತಿದ್ದುಪಡಿ ತಂದಿತು. ವಾರದ 48 ಗಂಟೆಯ ಮಿತಿಯನ್ನು ಉಳಿಸಿಕೊಂಡು ದಿನಕ್ಕೆ 12 ಗಂಟೆಯವರೆಗೆ ದುಡಿಸಲು ದಾರಿ ಮಾಡಿತು. ಮೂರು ತಿಂಗಳಿಗೆ 75 ಗಂಟೆ ಇದ್ದ ಹೆಚ್ಚುವರಿ ದುಡಿಮೆಯ ಮಿತಿಯನ್ನು 145ಕ್ಕೆ ಏರಿಸಿತು. ಆ ಬಳಿಕ ಸರ್ಕಾರ ಬದಲಾಯಿತು. 2024ರ ಜನವರಿಯಲ್ಲಿ ಹೊಸ ಸರ್ಕಾರವು ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ನಾವೆಲ್ಲರೂ ಹರ್ಷಿಸಿದೆವು, ಹರ್ಷಿಸಬೇಕಾದದ್ದೇ. ಅದೇ ವರ್ಷದ ಜುಲೈ ತಿಂಗಳಲ್ಲಿ ಮಾಹಿತಿ ತಂತ್ರಜ್ಞಾನ ಕ್ಷೇತ್ರದ ನೌಕರರನ್ನು ದಿನಕ್ಕೆ 14 ಗಂಟೆಯವರೆಗೆ ದುಡಿಸಲು ಅವಕಾಶ ನೀಡುವ ಪ್ರಸ್ತಾವವು ಅದೇ ಸರ್ಕಾರದ ಮುಂದಿತ್ತು. ನೌಕರರ ಸಂಘಟನೆಗಳು ಬೀದಿಗಿಳಿದು ವಿರೋಧಿಸಬೇಕಾಯಿತು. ಪಕ್ಷ ಯಾವುದಾದರೇನು, ಎಲ್ಲರೂ ಬಸವಣ್ಣನವರ ಭಾವಚಿತ್ರಕ್ಕೆ ಹಾರ ಹಾಕುವವರೇ. ಸಾಂಸ್ಕೃತಿಕ ನಾಯಕನ ನಾಡಿನಲ್ಲಿ ದುಡಿಯುವವನಿಗೆ ಹತ್ತು ಗಂಟೆಯ ಬಿಡುವನ್ನು ಉಳಿಸುವುದೂ ಹೋರಾಟದ ವಿಷಯವಾದರೆ, ಆ ಘೋಷಣೆಗೆ ಬೆಲೆಯೇನು?

ವಿಧಾನಸೌಧದ ಮುಂಭಾಗದಲ್ಲಿ ಸರ್ಕಾರದ ಕೆಲಸ ದೇವರ ಕೆಲಸವೆಂದು ಕೆತ್ತಲಾಗಿದೆ. ಬೀದಿ ಗುಡಿಸುವುದೂ ಸರ್ಕಾರದ ಕೆಲಸವೇ. ಶಿವಭಕ್ತರ ಅಂಗಳ ಗುಡಿಸುವುದನ್ನು ಕಾಯಕವಾಗಿಸಿಕೊಂಡ ಸತ್ಯಕ್ಕನವರನ್ನು ನಾವು ಶರಣೆಯೆಂದು ಪೂಜಿಸುತ್ತೇವೆ. ಆದರೆ ನಮ್ಮ ಬೀದಿ ಗುಡಿಸುವ ಪೌರಕಾರ್ಮಿಕ ತಾಯಂದಿರು ಸೇವೆ ಖಾಯಂ ಮಾಡಿರೆಂದು 2022ರ ಜುಲೈನಲ್ಲಿ ಪೊರಕೆ ಕೆಳಗಿಟ್ಟು ಮುಷ್ಕರ ಹೂಡಬೇಕಾಯಿತು. ಕಸ ಬೀದಿಯಲ್ಲಿ ಕೊಳೆತಾಗ ನಮ್ಮ ಮೂಗಿಗೆ ಅವರ ನೆನಪಾಯಿತು. ಕೆಲಸ ದೇವರದ್ದು, ಕೆಲಸಗಾರರು ಗುತ್ತಿಗೆದಾರನವರು ಎಂಬ ಈ ವ್ಯವಸ್ಥೆಯನ್ನು ಶರಣರು ಒಪ್ಪುತ್ತಿದ್ದರೇ?

ಇಷ್ಟನ್ನು ಉದ್ಯಮಿಗಳಿಗೂ ಮಂತ್ರಿಗಳಿಗೂ ಹೇಳಿ ಕೈತೊಳೆದುಕೊಂಡರೆ ನಮ್ಮ ಮಾತೂ ಅರ್ಧ ಪಾಠವೇ ಆದೀತು. ಈ ಪುಟವನ್ನು ಓದುವ ಸದ್ಭಕ್ತರಲ್ಲಿ ವರ್ತಕರಿದ್ದಾರೆ, ಗಿರಣಿಯ ಮಾಲೀಕರಿದ್ದಾರೆ, ಗುತ್ತಿಗೆದಾರರಿದ್ದಾರೆ, ವಿದ್ಯಾಸಂಸ್ಥೆಗಳ ಆಡಳಿತ ಮಂಡಳಿಯವರಿದ್ದಾರೆ. ಮಠಗಳೂ ನೂರಾರು ಶಾಲೆ ಕಾಲೇಜುಗಳನ್ನು ನಡೆಸುತ್ತಿವೆ. ಅಕ್ಷರ ದಾಸೋಹ, ಅನ್ನ ದಾಸೋಹಗಳಿಂದ ಲಕ್ಷಾಂತರ ಬಡಮಕ್ಕಳು ಬೆಳಕು ಕಂಡಿದ್ದಾರೆ. ಅದು ನಮ್ಮ ಹೆಮ್ಮೆ. ಆದರೆ ನಾಡಿನ ಖಾಸಗಿ ವಿದ್ಯಾಸಂಸ್ಥೆಗಳಲ್ಲಿ ಸಹಿ ಒಂದು ಮೊತ್ತಕ್ಕೆ, ಕೈಗೆ ಬರುವ ಸಂಬಳ ಮತ್ತೊಂದು ಮೊತ್ತ ಎಂಬ ಅಧ್ಯಾಪಕರ ಅಳಲು ಹೊಸತೇನಲ್ಲ. ಶರಣರ ಹೆಸರನ್ನು ಹೊತ್ತ ಸಂಸ್ಥೆಯಲ್ಲಿ ಇಂಥದ್ದು ನಡೆದರೆ ಅದು ಕಾನೂನಿನ ತಪ್ಪಷ್ಟೇ ಆಗದೆ ಧರ್ಮದ್ರೋಹವೂ ಆಗುತ್ತದೆ. ದುಡಿದವನ ಪಾಲನ್ನು ಹಿಡಿದಿಟ್ಟು ನಡೆಸುವ ದಾಸೋಹವು ದಾಸೋಹವಲ್ಲ. ಗುರುವಾಗಲಿ ಜಂಗಮನಾಗಲಿ ಕಾಯಕದ ಕಟ್ಟಳೆಗೆ ಹೊರತಲ್ಲವೆಂದು ಸಾರಿದ ಪರಂಪರೆ ನಮ್ಮದು. ಹಾಗಿರುವಾಗ ಆಡಳಿತ ಮಂಡಳಿಯು ಹೊರತಾದೀತೇ?

ಆದುದರಿಂದ ಸದ್ಭಕ್ತರಲ್ಲಿ ಒಂದು ಬಿನ್ನಹ. ಮುಂದಿನ ಬಸವ ಜಯಂತಿಯಂದು ಮೆರವಣಿಗೆಗೆ ಹೊರಡುವ ಮುನ್ನ ನಿಮ್ಮ ಅಂಗಡಿಯ, ಗಿರಣಿಯ, ಸಂಸ್ಥೆಯ ಸಂಬಳದ ಪುಸ್ತಕವನ್ನು ಒಮ್ಮೆ ತೆರೆದು ನೋಡಿರಿ. ಬರೆದಷ್ಟೇ ಕೊಟ್ಟಿದ್ದೇವೆಯೇ, ಹೊತ್ತಿಗೆ ಸರಿಯಾಗಿ ಕೊಟ್ಟಿದ್ದೇವೆಯೇ, ವಾರಕ್ಕೊಂದು ರಜೆ ಇದೆಯೇ, ಹೊತ್ತು ಮೀರಿದ ದುಡಿಮೆಗೆ ಕೂಲಿ ಸಂದಿದೆಯೇ, ಮನೆಗೆಲಸದ ಹೆಣ್ಣುಮಗಳು ಕಾಯಿಲೆ ಬಿದ್ದ ದಿನದ ಸಂಬಳವನ್ನು ಕಡಿದುಕೊಂಡಿದ್ದೇವೆಯೇ ಎಂದು ಕೇಳಿಕೊಳ್ಳಿರಿ. ಹೆಚ್ಚಾಗಿ ಬಂದ ಅಕ್ಕಿ ನಮ್ಮ ಚೀಲದಲ್ಲಿದ್ದರೆ ಅದು ಯಾರ ಅಂಗಳದ್ದೆಂದು ನಮಗೆ ಗೊತ್ತೇ ಇರುತ್ತದೆ. ಹಿಂದಿರುಗಿಸುವುದೊಂದೇ ಬಾಕಿ. ಅಷ್ಟು ಮಾಡಿದ ಮೇಲೆ ಕಾಯಕದ ಮಾತನ್ನು ಗೋಡೆಯ ಮೇಲೆ ಬರೆಸಿಕೊಳ್ಳಲು ನಮಗೆ ಅಧಿಕಾರ ಬರುತ್ತದೆ.