ಹದ್ದು ಹಾರದ ಬಯಲು

ಓತಿಕೇತನಿಗೆ ಬೇಲಿಗೂಟ ಸಾಕ್ಷಿ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಬೇಲಿಯ ಮೇಲೇರಿ ತಲೆಯಾಡಿಸುವ ಆ ಪ್ರಾಣಿ ಎಲ್ಲರಿಗೂ ಪರಿಚಿತವೇ. ಆದರೆ ಬೇಲಿಯೂ ಇಲ್ಲದ, ಮರದ ನೆರಳೂ ಇಲ್ಲದ, ಗರಸುಕಲ್ಲು ಹರಡಿದ ಬಿಸಿಲುಬಯಲಿನಲ್ಲಿ ಬಾಳುವ ಅದರ ದಾಯಾದಿಯೊಂದುಂಟು. ಅದನ್ನು ಬಲ್ಲವರು ಕಡಿಮೆ. ಮಣ್ಣಿನ ಬಣ್ಣದ ಮೈ, ಬೆನ್ನಮೇಲೆ ಕಂದು ಮಚ್ಚೆ. ಬಾಲವನ್ನು ಬಿಟ್ಟರೆ ಕೈಬೆರಳಿನಷ್ಟೇ ಉದ್ದ. ಕದಲದೆ ಕುಳಿತಾಗ ಅದೂ ನೆಲದ ಕಲ್ಲುಗಳಲ್ಲಿ ಒಂದಾಗಿಬಿಡುತ್ತದೆ. ಅಪಾಯ ಸಮೀಪಿಸಿತೆಂದರೆ ನೀಳವಾದ ಹಿಂಗಾಲುಗಳೆರಡರ ಮೇಲೆಯೇ ಎದ್ದು ಓಡಲೂ ಬಲ್ಲದು. ಆ ಪಾದಗಳಲ್ಲಿ ಇತರ ಓತಿಗಳಿಗಿರುವಂತೆ ಐದು ಬೆರಳುಗಳಿಲ್ಲ, ನಾಲ್ಕೇ ಇವೆ.

ಈ ಬಡವೇಷವನ್ನು ಕಂಡು ಅದರ ಯೋಗ್ಯತೆಯನ್ನು ಅಳೆಯುವಂತಿಲ್ಲ. ಬೇಸಗೆ ಬಲಿತು ಮುಂಗಾರು ಸಮೀಪಿಸುವ ದಿನಗಳಲ್ಲಿ ಗಂಡುಗಳು ಒಂದೊಂದು ಕಲ್ಲನ್ನು ಸಿಂಹಾಸನವಾಗಿ ಮಾಡಿಕೊಳ್ಳುತ್ತವೆ. ಗಲ್ಲದ ಕೆಳಗೆ ಮಡಿಸಿಟ್ಟಿದ್ದ ತೆಳುಚರ್ಮವು ಆಗ ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತದೆ. ಬಣ್ಣ ಜಾತಿಯಿಂದ ಜಾತಿಗೆ ಭಿನ್ನ. ಅತ್ಯಂತ ಸುಂದರವಾದ ಜಾತಿಯಲ್ಲಿ ನವಿಲಿನ ಕತ್ತನ್ನು ನೆನಪಿಗೆ ತರುವ ಹೊಳೆಯುವ ನೀಲಿ, ಕಾಡಿಗೆಯಂಥ ಕಪ್ಪು, ಕಿತ್ತಳೆ, ಈ ಮೂರೂ ಒಂದೇ ಬೀಸಣಿಗೆಯಲ್ಲಿ ಕೂಡಿವೆ. ಹೆಣ್ಣಿಗೆ ಅದು ಆಹ್ವಾನ. ಎದುರಾಳಿ ಗಂಡಿಗೆ ಎಚ್ಚರಿಕೆ. ಆದರೆ ಮರೆಯಿಲ್ಲದ ಬಯಲಿನಲ್ಲಿ ಇಂಥ ವೈಭವದ ಪ್ರದರ್ಶನವು ಮೇಲೆ ಸುತ್ತುವ ಹದ್ದಿನ ಕಣ್ಣಿಗೂ ಬೀಳದಿರದು. ಬಿಚ್ಚುವುದು ಎಷ್ಟು ಅಗತ್ಯವೋ, ಥಟ್ಟನೆ ಮಡಿಸಿಕೊಂಡು ಮಣ್ಣಿನ ಬಣ್ಣದಲ್ಲಿ ಮರೆಯಾಗುವುದೂ ಅಷ್ಟೇ ಅಗತ್ಯ. ಬಣ್ಣ ಮತ್ತು ಭಯ, ಇವೆರಡರ ನಡುವಿನ ತೂಗುಯ್ಯಾಲೆಯೇ ಈ ಜೀವಿಯ ಬಾಳು.

1829ರಲ್ಲಿ ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಕುವಿಯೇ ಈ ಬಳಗದ ಒಂದು ಓತಿಗೆ ಪಾಂಡಿಚೇರಿಯ ಹೆಸರನ್ನು ಸೇರಿಸಿ ನಾಮಕರಣ ಮಾಡಿದನು. ಬಹುಕಾಲದವರೆಗೆ ಭಾರತದ ನಾನಾ ಭಾಗಗಳ ಬೀಸಣಿಗೆ ಓತಿಗಳೆಲ್ಲ ಕೆಲವೇ ಹೆಸರುಗಳ ಕೆಳಗೆ ಅಡಗಿದ್ದವು. 2016ರಲ್ಲಿ ವಿ. ದೀಪಕ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರವೀಣ್ ಕಾರಂತ ಮತ್ತು ಅವರ ಸಂಗಡಿಗರು ಅವುಗಳನ್ನು ವಿಂಗಡಿಸಿ, ಹಿರಿಯ ಬೀಸಣಿಗೆಯುಳ್ಳವುಗಳಿಗೆ 'ಸರಡಾ' ಎಂಬ ಪ್ರತ್ಯೇಕ ಕುಲವನ್ನು ಸ್ಥಾಪಿಸಿದರು. ಮರಾಠಿಯಲ್ಲಿ ಓತಿಗೆ ಇರುವ ಹೆಸರೇ ಅದು. ಆ ಕುಲದ ಒಂದು ಜಾತಿಗೆ ಡಾರ್ವಿನ್ನನ ಹೆಸರು ದೊರೆಯಿತು. ಬಣ್ಣದಲ್ಲಿ ಎಲ್ಲವನ್ನೂ ಮೀರಿಸುವ ಇನ್ನೊಂದಕ್ಕೆ 'ಭವ್ಯ' ಎಂಬರ್ಥದ 'ಸುಪರ್ಬಾ' ಎಂಬ ಹೆಸರು ಬಂದಿತು.

ಈ ಸುಪರ್ಬಾದ ನೆಲೆ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಚಾಳಕೆವಾಡಿ ಪೀಠಭೂಮಿ. ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲಿರುವ, ಜಂಬಿಟ್ಟಿಗೆಯ ಹಾಸಿನ ಮೇಲೆ ಗಿಡ್ಡ ಹುಲ್ಲು ಬೆಳೆದಿರುವ ಬಯಲು ಅದು. ಸದಾ ಗಾಳಿ ಬೀಸುವ ಸ್ಥಳವಾದುದರಿಂದ ಅಲ್ಲಿ ವಿದ್ಯುತ್ತನ್ನು ಉತ್ಪಾದಿಸುವ ಗಾಳಿಯಂತ್ರಗಳು ಸಾಲುಸಾಲಾಗಿ ಎದ್ದು ನಿಂತವು. ಯಂತ್ರವು ಹೊಗೆಯುಗುಳುವುದಿಲ್ಲ; ಹೊಳೆಯನ್ನು ಕೆಡಿಸುವುದಿಲ್ಲ. ನೆಲದಲ್ಲಿ ಹರಿದಾಡುವ ಓತಿಗೆ ಅದರಿಂದ ಏನು ತಾನೆ ಆದೀತು ಎಂದು ಯಾರಿಗಾದರೂ ಅನಿಸುವುದು ಸಹಜ.

ಈ ಪ್ರಶ್ನೆಗೆ ಉತ್ತರವನ್ನು ಅರಸಿದವರು ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಠಾಕರ್, ಅವರೊಂದಿಗೆ ಅಮೋದ್ ಝಾಂಬ್ರೆ ಮತ್ತು ಹರ್ಷಲ್ ಭೋಸಲೆ. ಯಂತ್ರಗಳಿರುವ ಬಯಲನ್ನೂ ಯಂತ್ರಗಳಿಲ್ಲದ ನೆರೆಯ ಬಯಲನ್ನೂ ಅವರು ಹೋಲಿಸಿ ನೋಡಿದರು. ಅವರ ಪ್ರಬಂಧವು 2018ರಲ್ಲಿ ಪ್ರಕಟವಾಯಿತು. ಯಂತ್ರಗಳಿರುವಲ್ಲಿ ಬೇಟೆ ಹಕ್ಕಿಗಳ ಸಂಖ್ಯೆ ಇತರ ಕಡೆಯ ಸುಮಾರು ನಾಲ್ಕನೆಯ ಒಂದು ಪಾಲಿಗೆ ಇಳಿದಿತ್ತು. ಆಕಾಶದಿಂದ ಹದ್ದು ಮರೆಯಾದ ಮೇಲೆ ನೆಲದಲ್ಲಿ ಓತಿಗಳು ಹೆಚ್ಚಿದ್ದವು.

ಶತ್ರು ತೊಲಗಿದನು, ಸಂತತಿ ಬೆಳೆಯಿತು, ಇನ್ನೇನು ಬೇಕು ಎನ್ನಬಹುದು. ಆದರೆ ವಿಷಯ ಅಷ್ಟಕ್ಕೇ ಮುಗಿಯಲಿಲ್ಲ. ಯಂತ್ರದ ಬಯಲಿನ ಓತಿಗಳು ಮನುಷ್ಯನು ತೀರ ಹತ್ತಿರ ಬರುವವರೆಗೂ ಓಡದೆ ಕುಳಿತಿದ್ದವು. ಸಂಕಟಕಾಲದಲ್ಲಿ ರಕ್ತದಲ್ಲಿ ಏರಿ ಮೈಯನ್ನು ಹುರಿಗೊಳಿಸುವ ಹಾರ್ಮೋನು ಅವುಗಳಲ್ಲಿ ಕಡಿಮೆಯಾಗಿತ್ತು. ಸಂಖ್ಯೆ ಹೆಚ್ಚಿದಂತೆ ಆಹಾರಕ್ಕಾಗಿ ಪೈಪೋಟಿಯೂ ಹೆಚ್ಚಿ, ಅವು ಬಡಕಲಾಗಿದ್ದವು. ಎಲ್ಲಕ್ಕಿಂತ ಮಿಗಿಲಾಗಿ, ಗಂಡುಗಳ ಬೀಸಣಿಗೆಯ ನೀಲಿ, ಕಿತ್ತಳೆಗಳು ಮಾಸಿದ್ದವು. ಹೊಟ್ಟೆಗೆ ಸಾಲದಿದ್ದ ಮೇಲೆ ಶೃಂಗಾರಕ್ಕೆ ಎಲ್ಲಿಂದ ಬರಬೇಕು? ಯಂತ್ರವು ಒಂದು ಓತಿಯನ್ನೂ ಮುಟ್ಟಲಿಲ್ಲ. ಆದರೂ ಅದರ ರಕ್ತ, ಮಾಂಸ, ಬಣ್ಣ, ಸ್ವಭಾವ ಎಲ್ಲವನ್ನೂ ಬದಲಿಸಿತು. ಹದ್ದುಗಳನ್ನು ಓಡಿಸಿ, ಅವುಗಳಿಗಿಂತಲೂ ಮೇಲಿನ ಬೇಟೆಗಾರನ ಸ್ಥಾನದಲ್ಲಿ ತಾನೇ ಕುಳಿತುಬಿಟ್ಟಿತು.

ಗಾಳಿಯ ವಿದ್ಯುತ್ತು ಬೇಡವೆಂದು ಈ ಕಥೆಯಿಂದ ಯಾರೂ ತೀರ್ಮಾನಿಸಬೇಕಾದುದಿಲ್ಲ. ಕಲ್ಲಿದ್ದಲಿನ ಹೊಗೆಯಿಂದ ಬಿಡುಗಡೆ ಪಡೆಯಬೇಕಾದ ನಾಡಿಗೆ ಅದು ಬೇಕೇ ಬೇಕು. ಯೋಚಿಸಬೇಕಾದುದು ಯಂತ್ರವನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು. ಚಿತ್ರದುರ್ಗ, ಗದಗಗಳ ಗುಡ್ಡಸಾಲುಗಳಲ್ಲಿ ಯಂತ್ರಗಳು ತಿರುಗುವುದನ್ನು ಕನ್ನಡನಾಡಿನ ಪ್ರಯಾಣಿಕರೂ ಕಂಡಿದ್ದಾರೆ. ಈ ನಾಡಿನ ಬಯಲುಗಳಲ್ಲಿಯೂ ಬೀಸಣಿಗೆ ಓತಿಗಳ ಬಳಗವುಂಟು. ಕಾಡನ್ನು ಕಡಿಯಲು ಹೊರಟರೆ ತಡೆಯಲು ಹತ್ತು ಜನ ಮುಂದೆ ಬಂದಾರು. ಕುರುಚಲು, ಕಲ್ಲುಬಯಲುಗಳಿಗೆ ಆ ಭಾಗ್ಯವಿಲ್ಲ. ಭಾರತ ಸರ್ಕಾರವು ಪ್ರಕಟಿಸುವ ಬಂಜರು ಭೂಮಿಯ ನಕಾಶೆಗಳಲ್ಲಿ ಕುರುಚಲು ನೆಲವೂ ಬರಿಬಂಡೆಯ ನೆಲವೂ ಬಂಜರೆಂದೇ ಎಣಿಕೆಯಾಗಿವೆ. ಬಂಜರೆಂದ ಮೇಲೆ ಅಲ್ಲಿ ಏನನ್ನು ಕಟ್ಟಿದರೂ ನಷ್ಟವಿಲ್ಲವೆಂಬ ಭಾವನೆ ತಾನಾಗಿಯೇ ಬೆಳೆಯುತ್ತದೆ. ಹದ್ದು ಬೇಟೆಯಾಡುವ, ಓತಿ ಬೀಸಣಿಗೆ ಬಿಚ್ಚುವ, ಮುಂಗಾರಿನ ಮೊದಲ ಮಳೆಗೆ ಹಸುರೊಡೆಯುವ ನೆಲವನ್ನು ಬಂಜರೆನ್ನುವುದು ನೋಡುವವರ ಕಣ್ಣಿನ ದೋಷವೇ ಹೊರತು ನೆಲದ್ದಲ್ಲ.

ಓತಿಕೇತನಿಗಾದರೋ ಬೇಲಿಗೂಟದ ಸಾಕ್ಷಿಯುಂಟು. ಬೇಲಿಯೇ ಇಲ್ಲದ ಬಯಲಿನ ಈ ಪುಟ್ಟ ಜೀವಿಗೆ ಸಾಕ್ಷಿ ನುಡಿಯಬೇಕಾದವರು ಅದನ್ನು ಕಂಡ ಮನುಷ್ಯರೇ.