ಐವತ್ತಕ್ಕೆ ಗೊತ್ತಾದ ಸಬ್ಬಕ್ಕಿ

ಉಪವಾಸದ ದಿನ ಅನ್ನ ಬಿಟ್ಟು ಸಬ್ಬಕ್ಕಿ ಖಿಚಡಿ ತಿನ್ನುವ ಮನೆಗಳು ಜಯನಗರ, ಬನಶಂಕರಿಗಳಲ್ಲಿ ಬೇಕಾದಷ್ಟಿವೆ. ಆ ಮನೆಗಳಲ್ಲಿ ಡಾಕ್ಟರುಗಳಿದ್ದಾರೆ, ಎಂಜಿನಿಯರುಗಳಿದ್ದಾರೆ, ನಿವೃತ್ತ ಬ್ಯಾಂಕ್ ಮ್ಯಾನೇಜರುಗಳಿದ್ದಾರೆ. ಸಬ್ಬಕ್ಕಿ ಯಾವ ಗಿಡದಲ್ಲಿ ಬಿಡುತ್ತದೆ ಎಂದು ಕೇಳಿ ನೋಡಿ. ಸ್ವಲ್ಪ ತಡವರಿಸಿ, ಯಾವುದೋ ಪೈರಿನ ಕಾಳಿರಬೇಕು ಎಂಬ ಉತ್ತರ ಬರುವ ಸಂಭವವೇ ಹೆಚ್ಚು. ಅದು ಯಾವ ಗಿಡದಲ್ಲೂ ಬಿಡುವುದಿಲ್ಲ.

ಮರಗೆಣಸಿನ ಸಿಪ್ಪೆ ಸುಲಿದು, ಅರೆದು, ಹಾಲು ತೆಗೆದು, ಆ ಹಾಲನ್ನು ತಿಳಿಯಾಗಲು ಬಿಟ್ಟರೆ ತಳದಲ್ಲಿ ಹಿಟ್ಟು ಕೂರುತ್ತದೆ. ತೇವವಿರುವಾಗಲೇ ಆ ಹಿಟ್ಟನ್ನು ಕುಲುಕಿ ಕುಲುಕಿ ಗುಂಡಗೆ ಮಾಡಿ, ಬಾಣಲೆಯಲ್ಲಿ ಬಾಡಿಸಿ, ಬಿಸಿಲಿಗೆ ಒಣಹಾಕಿದರೆ ಸಬ್ಬಕ್ಕಿ. ತಮಿಳುನಾಡಿನ ಸೇಲಂ ಸುತ್ತಮುತ್ತಲ ಕಾರ್ಖಾನೆಗಳಲ್ಲಿ ಇದು ನಿತ್ಯದ ಕೆಲಸ. ಮರಗೆಣಸಾದರೂ ನಮ್ಮದಲ್ಲ, ದಕ್ಷಿಣ ಅಮೆರಿಕದ್ದು, ಪೋರ್ಚುಗೀಸರ ಹಿಂದೆ ಬಂದದ್ದು. ಮೊದಲು ಬಳಕೆಯಲ್ಲಿದ್ದ ಸಬ್ಬಕ್ಕಿಯನ್ನು ಮಲಯ, ಜಾವಾ ಕಡೆಯ ಒಂದು ಜಾತಿಯ ತಾಳೆಮರದ ತಿರುಳಿನಿಂದ ಮಾಡುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ಆ ಆಮದು ನಿಂತುಹೋದಾಗ ಸೇಲಂನವರು ಮರಗೆಣಸಿನ ಹಿಟ್ಟಿನಿಂದಲೇ ಮಾಡಲು ಶುರುಮಾಡಿದರು. ಅದೇ ಯುದ್ಧದ ದಿನಗಳಲ್ಲಿ ಅಕ್ಕಿಗೆ ತತ್ವಾರ ಬಂದಾಗ ಲಾಲ್‌ಬಾಗ್ ರಸ್ತೆಯ ಎಂಟಿಆರ್‌ನವರು ರವೆಯಲ್ಲಿ ಇಡ್ಲಿ ಬೇಯಿಸಿ ನೋಡಿದರು ಎಂಬ ಕಥೆ ಆ ಹೋಟೆಲಿನದು. ಅಂದರೆ ಇಂದು ಅಜ್ಜಿಯ ಕಾಲದ ತಿಂಡಿ ಎಂದು ಚಪ್ಪರಿಸುವ ರವೆ ಇಡ್ಲಿಗೂ ಸೇಲಂ ಸಬ್ಬಕ್ಕಿಗೂ ವಯಸ್ಸು ಹೆಚ್ಚು ಕಡಿಮೆ ಒಂದೇ.

ಇಂಥ ಸಂಗತಿಗಳು ನಲವತ್ತಕ್ಕೋ ಐವತ್ತಕ್ಕೋ ಗೊತ್ತಾದಾಗ ಆಗುವ ಮುಜುಗರವೇ ಬೇರೆ. ಪರೀಕ್ಷೆಯಲ್ಲಿ ಫೇಲಾದಂತಲ್ಲ ಅದು. ಇಷ್ಟು ದಿನ ಇದು ಗೊತ್ತಿಲ್ಲ ಎಂಬುದೇ ಗೊತ್ತಿರಲಿಲ್ಲವಲ್ಲ ಎಂಬ ಪೆಚ್ಚು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಲಿಯೊನಿಡ್ ರೋಜನ್‌ಬ್ಲಿಟ್ ಮತ್ತು ಫ್ರಾಂಕ್ ಕೈಲ್ 2002ರಲ್ಲಿ ಇದನ್ನೇ ಪರೀಕ್ಷೆಗೆ ಒಡ್ಡಿದರು. ಜಿಪ್, ಬೀಗ, ಫ್ಲಶ್ ಕಕ್ಕಸು ಹೇಗೆ ಕೆಲಸ ಮಾಡುತ್ತವೆ ಎಂಬುದು ನಿಮಗೆ ಎಷ್ಟು ಗೊತ್ತು, ನೀವೇ ಅಂಕ ಕೊಟ್ಟುಕೊಳ್ಳಿ ಎಂದರು. ಜನ ಧಾರಾಳವಾಗಿಯೇ ಕೊಟ್ಟುಕೊಂಡರು. ಹಾಗಾದರೆ ಹಂತಹಂತವಾಗಿ ಬರೆದು ವಿವರಿಸಿ ಎಂದಾಗ ಪೆನ್ನು ನಿಂತಿತು. ಮತ್ತೆ ಅಂಕ ಕೇಳಿದಾಗ ಅವರೇ ಇಳಿಸಿಕೊಂಡರು. ದಿನಾ ಕೈಯಾಡಿಸುವ ವಸ್ತು ಗೊತ್ತಿರುವ ವಸ್ತು ಎಂದು ಮನಸ್ಸು ನಂಬಿಬಿಡುತ್ತದೆ.

ದಕ್ಷಿಣ ಬೆಂಗಳೂರಿನಲ್ಲಿ ಈ ನಂಬಿಕೆಗೆ ಇನ್ನೊಂದು ಆಸರೆಯಿದೆ. ಇಲ್ಲಿ ಎಲ್ಲವೂ ಸಿದ್ಧವಾಗಿ, ಪೊಟ್ಟಣದಲ್ಲಿ, ಕೊಳವೆಯಲ್ಲಿ, ಬೋರ್ಡಿನ ಮೇಲಿನ ಇಂಗ್ಲಿಷ್ ಅಕ್ಷರಗಳಲ್ಲಿ ಬಂದು ತಲುಪುತ್ತದೆ. ಹಿಂದೆ ಏನಿತ್ತು ಎಂದು ಕೇಳುವ ಸಂದರ್ಭವೇ ಬರುವುದಿಲ್ಲ. ಓದಿದವರ ಬಡಾವಣೆಯಲ್ಲಿ ಕೇಳುವುದಕ್ಕೆ ನಾಚಿಕೆ ಬೇರೆ.

ಇಂಗಿನ ಡಬ್ಬಿಯನ್ನೇ ತೆಗೆದುಕೊಳ್ಳಿ. ಅದು ಕಲ್ಲುಪ್ಪಿನಂಥ ಖನಿಜ ಎಂದು ತಿಳಿದವರು ಕಡಿಮೆಯಿಲ್ಲ. ನಿಜದಲ್ಲಿ ಇಂಗು ಇರಾನ್, ಅಫ್ಘಾನಿಸ್ತಾನದ ಒಣ ಗುಡ್ಡಗಳಲ್ಲಿ ಬೆಳೆಯುವ ಗಿಡವೊಂದರ ಬೇರಿಗೆ ಗಾಯ ಮಾಡಿದಾಗ ಒಸರುವ ಅಂಟು. ಸಾರು, ಪುಳಿಯೋಗರೆ, ಉಪ್ಪಿನಕಾಯಿಗಳಿಗೆ ಇಷ್ಟೊಂದು ಇಂಗು ಸುರಿಯುವ ಈ ದೇಶ ತನ್ನ ಹೊಲದಲ್ಲಿ ಅದನ್ನು ಬೆಳೆಯುತ್ತಲೇ ಇರಲಿಲ್ಲ. ಪಾಲಂಪುರದ ವಿಜ್ಞಾನಿಗಳು ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಸಸಿ ನೆಟ್ಟದ್ದು 2020ರ ಅಕ್ಟೋಬರ್‌ನಲ್ಲಿ. ಇನ್ನು ಅಂಗಡಿಯ ಡಬ್ಬಿಯಲ್ಲಿರುವ ಪುಡಿಯ ಬಹುಪಾಲು ಗೋಂದು ಮತ್ತು ಮೈದಾ ಅಥವಾ ಅಕ್ಕಿಹಿಟ್ಟು. ಇಂಗು ಅದರಲ್ಲಿ ಅಲ್ಪಸಂಖ್ಯಾತ. ಗೋಧಿ ಒಗ್ಗದವರು ಎಲ್ಲವನ್ನೂ ಬಿಟ್ಟು, ತಿಳಿಸಾರಿನಲ್ಲಿ ಆ ಮೈದಾವನ್ನೇ ಕುಡಿಯುತ್ತಿರುತ್ತಾರೆ. ಕಾಫಿಯ ಚಿಕೋರಿಯದೂ ಇದೇ ಕಥೆ. ಎಂಬತ್ತು–ಇಪ್ಪತ್ತು ಕೊಡಿ ಎಂದು ಗತ್ತಿನಲ್ಲಿ ಕೇಳುವವರಿಗೆ ಆ ಇಪ್ಪತ್ತು ಕಾಫಿಬೀಜವೇ ಅಲ್ಲ, ಹುರಿದ ಬೇರು ಎಂಬುದು ತಿಳಿದಾಗ ಲೋಟ ಅರ್ಧಕ್ಕೇ ನಿಲ್ಲುತ್ತದೆ. ಕಾನೂನು ಚಿಕೋರಿಯನ್ನು ನೂರಕ್ಕೆ 49ರವರೆಗೂ ಬಿಡುತ್ತದೆ.

ಆದರೆ ಈ ಊರಿನ ಅಜ್ಞಾನಗಳಿಗೆಲ್ಲ ರಾಜನ ಪಟ್ಟ ಸಲ್ಲಬೇಕಾದದ್ದು ಕಡಲೆಕಾಯಿಗೆ.

ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಪರಿಷೆ. ಬುಲ್ ಟೆಂಪಲ್ ರಸ್ತೆಯ ಎರಡೂ ಬದಿ ರಾಶಿ ರಾಶಿ ಕಡಲೆಕಾಯಿ; ಹಸಿಯದು, ಹುರಿದದ್ದು, ಬೇಯಿಸಿದ್ದು. ಜಯನಗರದಿಂದ, ಜೆ.ಪಿ. ನಗರದಿಂದ ಜನ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬರುತ್ತಾರೆ. ಇದು ಎಲ್ಲಿ ಬಿಡುತ್ತದಪ್ಪ ಎಂದು ಮಗು ಕೇಳಿದರೆ ಕೆಲವು ಅಪ್ಪಂದಿರು ಮರ ಅನ್ನುತ್ತಾರೆ, ಗೇರುಬೀಜದ ನೆನಪಿನಲ್ಲಿ. ಸ್ವಲ್ಪ ಬಲ್ಲವರು ಬೇರು ಅನ್ನುತ್ತಾರೆ, ಆಲೂಗಡ್ಡೆಯ ಲೆಕ್ಕದಲ್ಲಿ. ಎರಡೂ ತಪ್ಪು. ಅದರ ಹೂವು ಬಿಡುವುದು ನೆಲದ ಮೇಲೆ, ಎಲೆಗಳ ನಡುವೆ, ಪುಟ್ಟ ಹಳದಿ ಹೂವು. ಪರಾಗಸ್ಪರ್ಶವಾಗಿ ಹೂವು ಬಾಡಿದ ಮೇಲೆ ಅದರ ಬುಡದಿಂದ ಸೂಜಿಯಂಥ ಕಾವು ಹೊರಟು, ಬಾಗಿ, ಮಣ್ಣಿಗೆ ಇಳಿಯುತ್ತದೆ. ತುದಿ ಮಣ್ಣೊಳಗೆ ಹೋದ ಮೇಲಷ್ಟೇ ಕಾಯಿ ಕಟ್ಟುತ್ತದೆ. ಹೂವು ಬಿಡುವ ಹೊತ್ತಿಗೆ ರೈತರು ಸಾಲಿಗೆ ಜಿಪ್ಸಂ ಹಾಕಿ ಮಣ್ಣು ಏರಿಸುವುದು ಇದಕ್ಕೇ. ಕಾಯಿ ತನಗೆ ಬೇಕಾದ ಸುಣ್ಣದ ಅಂಶವನ್ನು ಬೇರಿನ ಮೂಲಕ ತರಿಸಿಕೊಳ್ಳುವುದಿಲ್ಲ, ಸುತ್ತಲಿನ ಮಣ್ಣಿನಿಂದ ತಾನೇ ಹೀರುತ್ತದೆ. ಪಾವಗಡದ, ಚಳ್ಳಕೆರೆಯ ಹತ್ತು ವರ್ಷದ ಹುಡುಗನಿಗೆ ಗೊತ್ತಿರುವ ಸಂಗತಿ ಇದು. ಸಸ್ಯಶಾಸ್ತ್ರದ ಪ್ರಕಾರ ಕಡಲೆಕಾಯಿ ಅವರೆ, ತೊಗರಿಗಳ ಬಳಗ. ಗೇರು, ಬಾದಾಮಿಗಳ ಜೊತೆ ಒಂದೇ ಪೊಟ್ಟಣಕ್ಕೆ ಸೇರಿಸಿದವರು ವ್ಯಾಪಾರಿಗಳು.

ಮುಜುಗರ ಅಲ್ಲಿಗೇ ಮುಗಿಯುವುದಿಲ್ಲ. ಪರಿಷೆಯ ಕಥೆ ಎಲ್ಲರಿಗೂ ಗೊತ್ತು: ಸುಂಕೇನಹಳ್ಳಿಯ ಹೊಲಗಳಿಗೆ ನುಗ್ಗಿ ಕಡಲೆಕಾಯಿ ಬೆಳೆ ಮೇಯುತ್ತಿದ್ದ ಬಸವ, ರೈತನ ಏಟಿಗೆ ಕಲ್ಲಾಗಿ ಕೂತ, ಕೆಂಪೇಗೌಡರು ಗುಡಿ ಕಟ್ಟಿಸಿದರು. ಆದರೆ ಕಡಲೆಕಾಯಿಯ ತವರು ದಕ್ಷಿಣ ಅಮೆರಿಕ. ಕೊಲಂಬಸ್ ಹೊರಟದ್ದು 1492ರಲ್ಲಿ, ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ, ಕೆಂಪೇಗೌಡರು ಬೆಂಗಳೂರಿನ ಕೋಟೆ ಕಟ್ಟಿದ್ದು 1537ರಲ್ಲಿ. ಆ ನಲವತ್ತೇ ವರ್ಷಗಳಲ್ಲಿ ಪರದೇಶದ ಬೆಳೆಯೊಂದು ಕಡಲು ದಾಟಿ, ಘಟ್ಟ ಹತ್ತಿ, ಸುಂಕೇನಹಳ್ಳಿಯ ಹೊಲಗಳಲ್ಲಿ ಬಸವನ ಕಣ್ಣಿಗೆ ಬೀಳುವಷ್ಟು ಹಬ್ಬಿತ್ತು ಎಂದು ನಂಬುವುದು ಕಷ್ಟ. ದಕ್ಷಿಣ ಭಾರತದಲ್ಲಿ ಅದು ದೊಡ್ಡ ಬೆಳೆಯಾದದ್ದು 19ನೇ ಶತಮಾನದಲ್ಲಿ. ಬಸವ ಮೇಯ್ದದ್ದು ಬೇರೇನೋ ಇರಬೇಕು, ಅಥವಾ ಕಥೆ ಗುಡಿಗಿಂತ ಚಿಕ್ಕದಿರಬೇಕು. ಇದರಿಂದ ಪರಿಷೆಗೇನೂ ಊನವಿಲ್ಲ. ಕಥೆಗೆ ಕಡಲೆಕಾಯಿ ಯಾವಾಗ ಸೇರಿತು ಎಂಬುದೇ ಕಥೆಗಿಂತ ಸೊಗಸಾದ ಪ್ರಶ್ನೆ.

ಪೊಟ್ಟಣ ಬಿಟ್ಟು ಬೋರ್ಡುಗಳತ್ತ ನೋಡಿ. 2025ರ ಆಗಸ್ಟ್‌ನಲ್ಲಿ ಓಡಲು ಶುರುವಾದ ಮೆಟ್ರೋ ಹಳದಿ ಮಾರ್ಗದ ಮೊದಲ ನಿಲ್ದಾಣಗಳು ಆರ್.ವಿ. ರಸ್ತೆ, ರಾಗಿಗುಡ್ಡ, ಜಯದೇವ, ಬಿಟಿಎಂ ಲೇಔಟ್, ಸಿಲ್ಕ್ ಬೋರ್ಡ್. ಬಿಟಿಎಂ ಯಾವುದೋ ಕಂಪನಿಯ ಹೆಸರೆಂದು ಅಲ್ಲಿ ಬಾಡಿಗೆ ಕಟ್ಟುತ್ತಲೇ ನಂಬಿದವರಿದ್ದಾರೆ. ಅದು ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಮೊದಲಕ್ಷರ. ಜಯದೇವ ಎಂದರೆ ಹೃದ್ರೋಗದ ಹೆಸರಾಂತ ಡಾಕ್ಟರಿರಬೇಕು ಅಂದುಕೊಂಡವರಿಗೆ, ಅವರು ಚಿತ್ರದುರ್ಗದ ಬೃಹನ್ಮಠದ ಜಯದೇವ ಮುರುಘರಾಜೇಂದ್ರ ಸ್ವಾಮಿಗಳು ಎಂಬುದು ಗೊತ್ತಿರುವುದಿಲ್ಲ. ಜಯನಗರದ ಅಶೋಕ ಸ್ತಂಭ ಮೌರ್ಯರ ಕಾಲದ್ದೆಂದು ಬಾಲ್ಯದಲ್ಲಿ ನಂಬಿ, ದೊಡ್ಡವರಾದ ಮೇಲೂ ತಿದ್ದಿಕೊಳ್ಳದವರುಂಟು. ಅದು 1948ರಲ್ಲಿ ಬಡಾವಣೆಗೆ ಅಡಿಗಲ್ಲು ಹಾಕಿದಾಗಿನದು, ಬಂದಿದ್ದವರು ರಾಜಾಜಿ. ಅಶೋಕನನ್ನೇ ನೋಡಬೇಕಾದರೆ ಮಸ್ಕಿಗೋ ಬ್ರಹ್ಮಗಿರಿಗೋ ಹೋಗಬೇಕು.

ಸಿಲ್ಕ್ ಬೋರ್ಡ್ ಎಂದರೆ ಟ್ರಾಫಿಕ್ ಜಾಮ್‌ನ ಹೆಸರು ಎಂದುಕೊಂಡವರಂತೂ ಲಕ್ಷಾಂತರ ಇರಬೇಕು. ಅಲ್ಲಿರುವುದು ಕೇಂದ್ರ ರೇಷ್ಮೆ ಮಂಡಳಿ, 1948ರ ಕಾಯ್ದೆಯಿಂದ ಹುಟ್ಟಿದ ಸಂಸ್ಥೆ. ರೇಷ್ಮೆಯ ವಿಷಯಕ್ಕೆ ಬಂದರೆ ಕೆಲವು ಮನೆಗಳಲ್ಲಿ ಮಾತು ತಟ್ಟನೆ ನಿಲ್ಲುತ್ತದೆ. ಮೊಟ್ಟೆ ಹಾಕಿದ ಕೇಕನ್ನೂ ಒಳಗೆ ಬಿಡದ ಮನೆಯಲ್ಲಿ ಪೂಜೆಗೆ ಉಡುವುದು ರೇಷ್ಮೆ ಮಡಿ. ಗೂಡಿನೊಳಗಿನ ಕೋಶ ಚಿಟ್ಟೆಯಾಗಿ ಹೊರಬಂದರೆ ಎಳೆ ತುಂಡಾಗುತ್ತದೆ. ಆದ್ದರಿಂದ ಅದು ಹೊರಬರುವ ಮುನ್ನ ಹಬೆಯಲ್ಲೋ ಬಿಸಿಗಾಳಿಯಲ್ಲೋ ಕೊಂದು, ಗೂಡನ್ನು ಬೇಯಿಸಿ, ನೂರಾರು ಮೀಟರ್ ಉದ್ದದ ಒಂದೇ ಎಳೆಯನ್ನು ಬಿಚ್ಚುತ್ತಾರೆ. ರಾಮನಗರದ ಗೂಡಿನ ಮಾರುಕಟ್ಟೆ ಬನಶಂಕರಿಯಿಂದ ಒಂದು ಗಂಟೆಯ ದಾರಿ. ಮದುವೆ ಸೀರೆಗೆ ಇಡೀ ದಿನ ಅಂಗಡಿ ಸುತ್ತುವವರು ಅತ್ತ ಹೋದದ್ದು ಅಪರೂಪ. ಉಡಬಾರದು ಎಂಬುದು ಇಲ್ಲಿನ ವಾದವಲ್ಲ. ಲಕ್ಷಾಂತರ ರೈತ ಕುಟುಂಬಗಳ ಅನ್ನ ಅದು. ಉಡುವವರಿಗೆ ಗೊತ್ತಿದ್ದರೆ ಒಳ್ಳೆಯದು, ಅಷ್ಟೆ.

ಕೆಲವು ತಪ್ಪು ತಿಳಿವಳಿಕೆಗಳು ಮುಜುಗರಕ್ಕೆ ನಿಲ್ಲದೆ ಜಗಳಕ್ಕೂ ಇಳಿಯುತ್ತವೆ. ಹಿಂದಿ ರಾಷ್ಟ್ರಭಾಷೆ ಎಂಬುದು ಅಂಥದ್ದು. ಬಿಟಿಎಂನ ಪಿ.ಜಿ.ಗಳಿಂದ ಆಟೋ ಸ್ಟ್ಯಾಂಡಿನವರೆಗೆ ಅದು ಆಗಾಗ ಸಿಡಿಯುತ್ತಿರುತ್ತದೆ. ಸಂವಿಧಾನದ 343ನೇ ವಿಧಿ ದೇವನಾಗರಿ ಲಿಪಿಯ ಹಿಂದಿಯನ್ನು ಕೇಂದ್ರದ ಆಡಳಿತ ಭಾಷೆ ಎನ್ನುತ್ತದೆ. ರಾಷ್ಟ್ರಭಾಷೆ ಎಂದು ಯಾವುದನ್ನೂ ಹೆಸರಿಸಿಲ್ಲ. 2010ರಲ್ಲಿ ಗುಜರಾತ್ ಹೈಕೋರ್ಟ್ ಕೂಡ ಹಾಗೊಂದು ಘೋಷಣೆ ದಾಖಲೆಯಲ್ಲಿಲ್ಲ ಎಂದಿತು. ಶಾಲೆಯಲ್ಲಿ ಮೇಷ್ಟ್ರು ಹೇಳಿದ್ದು ಎಂಬ ಒಂದೇ ಆಧಾರದಲ್ಲಿ ಎಷ್ಟು ಜನ ಎಷ್ಟು ವರ್ಷ ಕೂಗಾಡಿದ್ದಾರೋ!

ಇನ್ನು ಕೊಳವೆ. ಜಯನಗರದ ನಲ್ಲಿಯಲ್ಲಿ ಬರುವ ಕಾವೇರಿ ಕೆ.ಆರ್.ಎಸ್.ನಿಂದ ತಾನಾಗಿ ಹರಿದು ಬರುತ್ತದೆ ಎಂದು ತಿಳಿದವರೇ ಬಹಳ. ಬೆಂಗಳೂರು ಎತ್ತರದಲ್ಲಿದೆ, ಕಾವೇರಿ ತಗ್ಗಿನಲ್ಲಿದೆ. ಶಿವನಸಮುದ್ರದ ಮೇಲ್ಗಡೆ ನದಿಯಿಂದ ತಿರುಗಿಸಿದ ನೀರನ್ನು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧ ಮಾಡಿ, ಅಲ್ಲಿಂದ ಹಾರೋಹಳ್ಳಿಗೆ, ಹಾರೋಹಳ್ಳಿಯಿಂದ ತಾತಗುಣಿಗೆ, ತಾತಗುಣಿಯಿಂದ ನಗರಕ್ಕೆ ಪಂಪಿನಲ್ಲಿ ಎತ್ತುತ್ತಾರೆ. ಸುಮಾರು 100 ಕಿಲೋಮೀಟರ್ ದೂರ, 500 ಮೀಟರಿನಷ್ಟು ಏರು. ಹಲ್ಲುಜ್ಜುವಾಗ ನಲ್ಲಿ ಬಿಟ್ಟರೆ ಹರಿದುಹೋಗುವುದು ನೀರಿನಷ್ಟೇ ವಿದ್ಯುತ್ತು. ಈ ವ್ಯವಸ್ಥೆಯ ಮೊದಲ ಹಂತ ಶುರುವಾದದ್ದು 1974ರಲ್ಲಿ, ಐದನೆಯದು 2024ರ ಅಕ್ಟೋಬರ್‌ನಲ್ಲಿ. ಜಯನಗರ ತಲೆಯೆತ್ತಿದ ಕಾಲಕ್ಕೆ ನಗರ ಕುಡಿಯುತ್ತಿದ್ದದ್ದು ಅರ್ಕಾವತಿಯನ್ನು, ಹೆಸರಘಟ್ಟ ಮತ್ತು ತಿಪ್ಪಗೊಂಡನಹಳ್ಳಿಯಿಂದ. ತಲೆತಲಾಂತರದಿಂದ ಕಾವೇರಿ ಕುಡಿದವರು ನಾವು ಎನ್ನುವ ಹಳೆಯ ಮನೆತನಗಳು ಇದನ್ನು ಗಮನಿಸಬೇಕು.

ಬಂದ ನೀರು ಎಲ್ಲಿಗೆ ಹೋಗುತ್ತದೆ ಎಂಬುದು ಇನ್ನೂ ಸ್ವಾರಸ್ಯ. ದಕ್ಷಿಣ ಬೆಂಗಳೂರು ಒಂದು ದಿಣ್ಣೆಯ ಎರಡು ಮಗ್ಗುಲಲ್ಲಿ ಹರಡಿದೆ. ಕತ್ರಿಗುಪ್ಪೆ, ಹೊಸಕೆರೆಹಳ್ಳಿ ಕಡೆಯ ಬಚ್ಚಲ ನೀರು ಪಡುವಣಕ್ಕಿಳಿದು ವೃಷಭಾವತಿ ಸೇರುತ್ತದೆ. ಮೈಸೂರು ರಸ್ತೆಯಲ್ಲಿ ಮೂಗು ಮುಚ್ಚಿಕೊಂಡು ದಾಟುವ ಆ ಮೋರಿ ಒಂದು ನದಿ, ದೊಡ್ಡ ಬಸವನ ಪಾದದಲ್ಲಿ ಹುಟ್ಟುತ್ತಾಳೆ ಎಂದು ಜನ ನಂಬಿದ ನದಿ. ಅದು ಬೈರಮಂಗಲ ಕೆರೆ ದಾಟಿ ಅರ್ಕಾವತಿಗೆ, ಅರ್ಕಾವತಿ ಸಂಗಮದಲ್ಲಿ ಮತ್ತೆ ಕಾವೇರಿಗೆ. ಜಯನಗರ, ಬಿಟಿಎಂ ಕಡೆಯದು ಮೂಡಣಕ್ಕಿಳಿದು ಕೋರಮಂಗಲ ಕಣಿವೆ, ಬೆಳ್ಳಂದೂರು, ವರ್ತೂರು ಕೆರೆಗಳ ಮೂಲಕ ದಕ್ಷಿಣ ಪಿನಾಕಿನಿಗೆ, ಅಲ್ಲಿಂದ ತಮಿಳುನಾಡಿಗೆ. ಆ ಕಣಿವೆಯ ನೀರಿನಲ್ಲಿ ಒಂದು ಪಾಲನ್ನು ಸಂಸ್ಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ತುಂಬುತ್ತಿದ್ದಾರೆ. ಮಂಡ್ಯದಿಂದ ಹತ್ತಿಸಿ ತಂದದ್ದನ್ನು ನಾವು ಒಮ್ಮೆ ಬಳಸಿ ಕೋಲಾರಕ್ಕೆ ಕಳಿಸುತ್ತೇವೆ. ನಡುವೆ ನಮಗೆ ಅದರ ಪರಿಚಯವೇ ಆಗುವುದಿಲ್ಲ.

ಜಲಮಂಡಳಿಗೆ ಒಂದು ಮನವಿ. ತಿಂಗಳ ಬಿಲ್ಲಿನಲ್ಲಿ ಮೊತ್ತದ ಕೆಳಗೆ ಇನ್ನೆರಡು ಸಾಲು ಅಚ್ಚು ಹಾಕಿಸಿ: ಈ ನೀರು ಎಲ್ಲಿಂದ, ಎಷ್ಟು ಎತ್ತರ ಹತ್ತಿ ಬಂತು ಎಂದು ಒಂದು ಸಾಲು, ಬಳಸಿದ ಮೇಲೆ ಯಾವ ಕಣಿವೆಗೆ, ಯಾವ ಕೆರೆಗೆ ಹೋಗುತ್ತದೆ ಎಂದು ಇನ್ನೊಂದು. ಕತ್ರಿಗುಪ್ಪೆಯ ಬಿಲ್ಲಿಗೂ ಜಯನಗರದ ಬಿಲ್ಲಿಗೂ ಆ ಎರಡನೇ ಸಾಲು ಬೇರೆ ಬೇರೆ ಇರಬೇಕಾಗುತ್ತದೆ.