ಗಾಜಿನ ತೊಟ್ಟಿಯಿಂದ ಕೆರೆಗೆ

ಅಂಗಡಿ ಗಲ್ಲಾದ ಪಕ್ಕ ಗಾಜಿನ ತೊಟ್ಟಿ ಇಟ್ಟು ಮೀನು ಸಾಕುವುದು ತಪ್ಪಲ್ಲ. ಗಿರಾಕಿಗಳ ಜೊತೆ ಬಂದ ಮಕ್ಕಳು ಸುಮ್ಮನಿರುತ್ತಾರೆ, ಅಷ್ಟು ಲಾಭ. ನಮ್ಮ ತಕರಾರು ಮೀಸೆ ಹೊತ್ತ ಆಫ್ರಿಕನ್ ಕ್ಯಾಟ್‌ಫಿಶ್ ಮೇಲೆ.

ಮರಿ ಬೆರಳುದ್ದ, ನೋಡಲು ಮುದ್ದು. ಆದರೆ ಕೊಳದಲ್ಲಿ ಬಿಟ್ಟರೆ ವರ್ಷದೊಳಗೆ ಕೆಜಿ ದಾಟುವ ಜಾತಿ ಇದು. ತೊಟ್ಟಿಯ ಸಣ್ಣ ಮೀನುಗಳು ಒಂದೊಂದಾಗಿ ಮಾಯ. ಪೂರ್ತಿ ಬೆಳೆದದ್ದು ಮೀಟರು ದಾಟಿದ್ದೂ ಉಂಟು. ಯಾವ ತೊಟ್ಟಿ ಸಾಕಾದೀತು ಸ್ವಾಮಿ? ಆಗ ಯಜಮಾನರು ಏನ್ಮಾಡ್ತಾರೆ? ಕೊಲ್ಲಲು ಮನಸ್ಸು ಬಾರದೆ ಬಕೆಟ್ಟಿನಲ್ಲಿ ಒಯ್ದು ಕೆರೆಗೆ ಬಿಟ್ಟು, ಪುಣ್ಯ ಬಂತು ಅಂತ ಕೈ ತೊಳ್ಕೊಂಡು ಬರ್ತಾರೆ.

ಈ ಮೀನು ಗಾಳಿಯನ್ನೂ ಉಸಿರಾಡುತ್ತದೆ, ಕೊಳೆನೀರಿನಲ್ಲೂ ಬದುಕುತ್ತದೆ, ಒದ್ದೆ ನೆಲದಲ್ಲಿ ತೆವಳಿ ಪಕ್ಕದ ಹೊಂಡ ಸೇರುತ್ತದೆ. ನಾಡಮೀನುಗಳನ್ನು ನುಂಗುತ್ತದೆಂದೇ ಕೇಂದ್ರ ಸರ್ಕಾರ 1997ರಲ್ಲಿ ಇದರ ಸಾಕಣೆ ಬೇಡವೆಂದಿತು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವೂ ಕಟ್ಟಪ್ಪಣೆ ಮಾಡಿತು.

ನಮ್ಮ ಜಿಲ್ಲೆಯ ಕೆರೆಗಳು ಸರಪಳಿ. ಮೇಲಿನದು ಕೋಡಿ ಬಿದ್ದರೆ ನೀರು ಕೆಳಗಿನದಕ್ಕೆ. 2018ರಿಂದ ಕೆ.ಸಿ. ವ್ಯಾಲಿ ನೀರು ಬಂದು ಬಿರುಕುಬಿಟ್ಟಿದ್ದ ಕೆರೆಗಳು ತುಂಬಿವೆ. (ಆ ನೀರಿನ ವಾದ ಇನ್ನೊಂದು ದಿನ.) ಕೆರೆ ಗುತ್ತಿಗೆ ಹಿಡಿದವರು ಕಾಸು ಕೊಟ್ಟು ಬಿಡುವ ಕಟ್ಲಾ, ರೋಹು ಮರಿ ಈ ಮೀಸೆಯವನಿಗೆ ಉಪ್ಪಿನಕಾಯಿ!

ಮೀನಿನ ಅಂಗಡಿಯವರು ಈ ಮರಿ ಮಾರುವುದನ್ನೇ ಬಿಡಲಿ. ಈಗಾಗಲೇ ಸಾಕಿದವರಿಂದ ಹಿಂದಕ್ಕೆ ಪಡೆಯಲು ಮೀನುಗಾರಿಕೆ ಇಲಾಖೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಲ್ಲಿ ಒಂದೊಂದು ತೊಟ್ಟಿ ಇಡಲಿ. ಅಲ್ಲೀತನಕ ಬಕೆಟ್ ಹಿಡಿದು ಕೆರೆ ಏರಿ ಹತ್ತುವವರು ಕಂಡರೆ, ಬಸ್ಸಿಗೆ ಕಾಯುತ್ತಾ ನಿಂತ ನೀವೇ ತಡೆದು ಕೇಳಿ: ಒಳಗೇನಿದೆ ಅಣ್ಣಾ?